ಇಂಗ್ಲೆಂಡಿನ ಕೆತ್ತನೆಯ ಓಕ್ ಪೆಟ್ಟಿಗೆ: ಕೊಳ್ಳುವ ಮುನ್ನ ಏನು ನೋಡಬೇಕು, ತಂದ ಮೇಲೆ ಹೇಗೆ ಕಾಪಾಡಬೇಕು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಊರಿನ ಹರಾಜಿನಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲೋ ಕಪ್ಪಗೆ ಮಿನುಗುವ ಒಂದು ಓಕ್ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಮುಂಭಾಗದ ತುಂಬ ಕೆತ್ತನೆ. ಚೀಟಿಯಲ್ಲಿ '17ನೇ ಶತಮಾನ' ಎಂದು ಬರೆದಿದೆ, ಬೆಲೆ ಕೆಲವು ನೂರು ಪೌಂಡ್. ನಿಜಕ್ಕೂ ಅಷ್ಟು ಹಳೆಯದಾಗಿದ್ದರೆ ಇಷ್ಟು ಅಗ್ಗಕ್ಕೆ ಸಿಗುತ್ತದೆಯೇ?

ಸಿಗುತ್ತದೆ. ದಪ್ಪನೆಯ, ಕಂದು ಬಣ್ಣದ ಹಳೆ ಪೀಠೋಪಕರಣಗಳ ಮೇಲಿನ ಮೋಹ ಇಲ್ಲಿ ಇಳಿದು ಹಲವು ವರ್ಷಗಳಾದವು. ಹಾಗಾಗಿ ಮುನ್ನೂರು ವರ್ಷ ದಾಟಿದ ಪೆಟ್ಟಿಗೆ ಒಳ್ಳೆಯ ಹೊಸ ಸೋಫಾಕ್ಕಿಂತ ಕಡಿಮೆ ಬೆಲೆಗೆ ಕೈಗೆ ಬರುವುದುಂಟು. ಆದರೆ ಅದೇ ಸಾಲಿನಲ್ಲಿ ಇನ್ನೆರಡು ಬಗೆಯವೂ ಇರುತ್ತವೆ. ಒಂದು, ಪೆಟ್ಟಿಗೆ ಹಳೆಯದೇ ಆದರೂ ಕೆತ್ತನೆ ಮಾತ್ರ 19ನೇ ಶತಮಾನದ್ದು. ಇನ್ನೊಂದು, ಹಳೆಯ ಹಲಗೆ ಚೂರುಗಳನ್ನು ಸೇರಿಸಿ ಆಮೇಲೆ ಕಟ್ಟಿದ್ದು. ಲಂಡನ್ನಿನ ವಾರ್ಡರ್ ಸ್ಟ್ರೀಟ್ 19ನೇ ಶತಮಾನದ ಮೊದಲರ್ಧದಲ್ಲಿ ಇಂಥ ಕೆಲಸಕ್ಕೇ ಹೆಸರಾಗಿತ್ತು. ಯುರೋಪಿನ ಚರ್ಚುಗಳಿಂದ ಕಿತ್ತು ತಂದ ಕೆತ್ತನೆಯ ಹಲಗೆಗಳು ಅಲ್ಲಿ ಹೊಸ ಬೀರುಗಳಾಗಿ, ಕುರ್ಚಿಗಳಾಗಿ ಮಾರಾಟವಾದವು.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಮಾತು: ಕೆತ್ತನೆಯನ್ನು ಕಡೆಗೆ ನೋಡಿ. ಬೆನ್ನು, ತಳ, ಒಳಗು, ಕೂಡುಗಳು ಮೊದಲು. ಮರುಳುಮಾಡುವುದು ಮುಂಭಾಗ. ಬೆನ್ನನ್ನು ಸುಳ್ಳಾಗಿಸುವ ಕಷ್ಟ ತೆಗೆದುಕೊಂಡವರು ಕಡಿಮೆ.

ಜೊತೆಗೆ ಏನು ಒಯ್ಯಬೇಕು

ಒಳ್ಳೆಯ ಟಾರ್ಚು, ಅಳತೆ ಟೇಪು, ಕೈಗನ್ನಡಿ, ಮಂಡಿಯೂರಿ ಕೂರಲು ಅಡ್ಡಿಯಿಲ್ಲದ ಬಟ್ಟೆ. ಮೇಜು ಅಥವಾ ಕುರ್ಚಿ ನೋಡುವುದಿದ್ದರೆ ದಪ್ಪ ಅಳೆಯುವ ಒಂದು ಕ್ಯಾಲಿಪರ್ ಕೂಡ ಇರಲಿ. ಹರಾಜಿಗೆ ಮುನ್ನ ಸಾಮಾನು ನೋಡಲು ಬಿಡುವ ದಿನ ಇರುತ್ತದೆ, ಅದಕ್ಕೆ ವ್ಯೂಯಿಂಗ್ ಎನ್ನುತ್ತಾರೆ. ಅಂದೇ ಹೋಗಿ. ಬರೀ ಫೋಟೋ ನೋಡಿ ಓಕ್ ಕೊಳ್ಳಬೇಡಿ.

ಅದನ್ನು ಹೇಗೆ ಮಾಡುತ್ತಿದ್ದರು

ಮುಂದಿನ ಪರೀಕ್ಷೆಗಳೆಲ್ಲ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಹಾಗಾಗಿ ಇದನ್ನು ಹಾರಿಸಿ ಓದಬೇಡಿ.

17ನೇ ಶತಮಾನದ ಇಂಗ್ಲಿಷ್ ಬಡಗಿ ಓಕ್ ಮರವನ್ನು ಹಸಿಯಾಗಿರುವಾಗಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ. ಒಣಗಿದ ಓಕ್ ಉಳಿಯನ್ನೇ ಮೊಂಡುಮಾಡುವಷ್ಟು ಗಟ್ಟಿ, ಹಸಿ ಓಕ್ ಮೆತ್ತಗೆ ಕೊರೆಸಿಕೊಳ್ಳುತ್ತದೆ. ಪೆಟ್ಟಿಗೆಯ ಹಲಗೆಗಳನ್ನು ಹೆಚ್ಚಾಗಿ ಗರಗಸದಿಂದ ಕೊಯ್ಯುತ್ತಿರಲಿಲ್ಲ. ದಿಮ್ಮಿಯ ತುದಿಗೆ ಬೆಣೆ ಹೊಡೆದು, ತಿರುಳಿನಿಂದ ತೊಗಟೆಯ ಕಡೆಗೆ ಹೋಳು ಹೋಳಾಗಿ ಸಿಗಿಯುತ್ತಿದ್ದರು. ಹೀಗೆ ಸಿಗಿದ ಹಲಗೆಗೆ ಮೂರು ಗುರುತುಗಳಿವೆ. ಅದರ ಒಂದು ಅಂಚು ದಪ್ಪ, ಇನ್ನೊಂದು ತೆಳು. ಮುಖದಲ್ಲಿ ಬೆಳ್ಳಿಯಂತೆ ಮಿರುಗುವ ಅಡ್ಡಪಟ್ಟೆಗಳು ಕಾಣುತ್ತವೆ. ಓಕ್ ಮರದಲ್ಲಿ ತಿರುಳಿನಿಂದ ಹೊರಕ್ಕೆ ಕಿರಣಗಳ ಹಾಗೆ ಹರಡಿರುವ ಎಳೆಗಳು ಅವು. ಇನ್ನು ಅಗಲ ಸಾಮಾನ್ಯವಾಗಿ ಒಂದು ಅಡಿಯನ್ನು ಮೀರುವುದಿಲ್ಲ, ಏಕೆಂದರೆ ದಿಮ್ಮಿಯ ಅರ್ಧ ಅಗಲದಲ್ಲಿ ನಡುವಿನ ತಿರುಳು ಮತ್ತು ತೊಗಟೆಯಡಿಯ ಬಿಳಿಮರ ಕಳೆದರೆ ಉಳಿಯುವುದು ಅಷ್ಟೇ.

ಹಸಿ ಮರ ಒಣಗುತ್ತಾ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಅಗಲವಾದ ಹಲಗೆಯನ್ನು ಎರಡೂ ಕಡೆ ಬಿಗಿಯಾಗಿ ಮೊಳೆ ಹೊಡೆದಿಟ್ಟರೆ ಅದು ಸೀಳದೆ ಬೇರೆ ದಾರಿಯಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೇ ಚೌಕಟ್ಟು ಮತ್ತು ಒಳಹಲಗೆ. 15ನೇ ಶತಮಾನದಲ್ಲಿ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ) ಕಡೆಯಿಂದ ಇಂಗ್ಲೆಂಡಿಗೆ ಬಂದ ವಿಧಾನವಿದು. ದಪ್ಪ ಪಟ್ಟಿಗಳಿಂದ ಚೌಕಟ್ಟು ಕಟ್ಟಿ, ಅದರ ಒಳಅಂಚಿನಲ್ಲಿ ಸಣ್ಣ ಕಾಲುವೆ ಕೊರೆದು, ತೆಳು ಹಲಗೆಯನ್ನು ಅಂಟು ಹಾಕದೆ ಅದರೊಳಗೆ ಸೇರಿಸಿ ಬಿಡುವುದು. ಹಲಗೆ ಹಿಗ್ಗಿದರೂ ಕುಗ್ಗಿದರೂ ಕಾಲುವೆಯೊಳಗೇ ಸರಿದಾಡಿಕೊಂಡಿರುತ್ತದೆ. ಈ ಸರಳ ಯೋಚನೆಯಿಂದಾಗಿಯೇ ಈ ಪೆಟ್ಟಿಗೆಗಳು ಇಂದಿಗೂ ನಮ್ಮ ಮುಂದಿವೆ.

ಚೌಕಟ್ಟಿನ ಮೂಲೆಗಳಲ್ಲೂ ಅಂಟಿಲ್ಲ. ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊರೆದು, ಇನ್ನೊಂದರ ಚೌಕ ತೂತಿಗೆ ಸೇರಿಸಿ, ಎರಡನ್ನೂ ದಾಟುವಂತೆ ಮರದ ಗೂಟ ಹೊಡೆಯುತ್ತಿದ್ದರು. ಇಲ್ಲಿಯವರ ಬಾಯಲ್ಲಿ ಅದು ಪೆಗ್. ನಾಲಿಗೆಯ ತೂತನ್ನು ಬೇಕೆಂದೇ ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಕೊರೆದಿರುತ್ತಾರೆ. ಗೂಟ ಒಳಗಿಳಿದಂತೆ ಕೂಡು ತಾನಾಗಿ ಎಳೆದುಕೊಂಡು ಬಿಗಿಯಾಗುತ್ತದೆ.

ಹೀಗೆ ಕಟ್ಟಿದ್ದಕ್ಕೆ 'ಜಾಯ್ನ್‌ಡ್' ಎನ್ನುತ್ತಾರೆ. ಆರು ಹಲಗೆಗಳನ್ನು ಮೊಳೆಯಿಂದ ಜೋಡಿಸಿದ್ದು 'ಬೋರ್ಡೆಡ್'. ಲಂಡನ್ನಿನಲ್ಲಿ ಈ ಎರಡು ಕೆಲಸಗಳನ್ನು ಮಾಡುವ ಸಂಘಗಳೇ ಬೇರೆ ಬೇರೆಯಿದ್ದವು, ಜಗಳವೂ ಜೋರಾಗಿತ್ತು. 1632ರಲ್ಲಿ ನಗರಾಡಳಿತದ ಹಿರಿಯರಾದ ಆಲ್ಡರ್‌ಮನ್ನರ ಸಭೆ ಅದನ್ನು ತೀರ್ಮಾನಿಸಿ, ನಾಲಿಗೆ-ತೂತಿನ ಕೂಡು ಮತ್ತು ಕೆತ್ತನೆಯ ಕೆಲಸವನ್ನು ಜಾಯ್ನರರಿಗೆ, ಮೊಳೆ ಹೊಡೆದು ಮಾಡುವ ಕೆಲಸವನ್ನು ಕಾರ್ಪೆಂಟರರಿಗೆ ಹಂಚಿಕೊಟ್ಟಿತು. ಊರುಗಳ ಕಡೆ ಒಬ್ಬನೇ ಎರಡನ್ನೂ ಮಾಡುತ್ತಿದ್ದ.

ಪರೀಕ್ಷೆ, ಹಂತ ಹಂತವಾಗಿ

1. ಗೋಡೆಯಿಂದ ಎಳೆಸಿ ಬೆನ್ನು ನೋಡಿ

ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ಹಿಂದಿನ ಹಲಗೆಗಳು ಒರಟಾಗಿ, ಮಾಸಲು ಬೂದುಗಂದಾಗಿ, ಒಣಗಿದಂತೆ ಇರಬೇಕು. ಸಿಗಿದ ಮೇಲ್ಮೈಯ ಏರುಪೇರು ಬೆರಳಿಗೆ ತಾಗಬೇಕು. ಗರಗಸದ ಗೀರುಗಳಿದ್ದರೆ ಟಾರ್ಚನ್ನು ಪಕ್ಕದಿಂದ ಹಾಯಿಸಿ ನೋಡಿ. ಹಳ್ಳದ ಮೇಲೆ ದಿಮ್ಮಿಯಿಟ್ಟು ಇಬ್ಬರು ಎಳೆಯುತ್ತಿದ್ದ ಗರಗಸ ಬಿಡುವುದು ನೇರ ಗೀರು, ಅವುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಕಮಾನಿನಂತೆ ಬಾಗಿದ ಗೀರುಗಳು ಕಂಡರೆ ಅದು ಚಕ್ರದ ಗರಗಸ, ಅಂದರೆ ಹೆಚ್ಚುಕಡಿಮೆ 19ನೇ ಶತಮಾನದ ಅಥವಾ ಆಮೇಲಿನ ಹಲಗೆ.

ಒಂದು ಹಲಗೆ ಹೊಸದು ಎಂದ ಮಾತ್ರಕ್ಕೆ ಕೈಬಿಡಬೇಡಿ. ರಿಪೇರಿ ಆಗಿರಬಹುದು. ಎಲ್ಲವೂ ಹಾಗೇ ಇದ್ದರೆ ಅಲ್ಲಿಗೆ ಬಿಡಿ.

2. ಕೂಡುಗಳ ಮೇಲೆ ಬೆರಳಾಡಿಸಿ

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಇದು. ಹಳೆಯ ಗೂಟವನ್ನು ಮರ ಸಿಗಿದು ಕತ್ತಿಯಿಂದ ಸವರಿ ಮಾಡಿರುತ್ತಾರೆ. ಹಾಗಾಗಿ ಅದರ ತಲೆ ಪೂರ್ತಿ ದುಂಡಗಿರದೆ ಅಂಚು ಅಂಚಾಗಿರುತ್ತದೆ. ಸುತ್ತಲಿನ ಪಟ್ಟಿ ದಪ್ಪದಲ್ಲಿ ಕುಗ್ಗಿದೆ, ಗೂಟ ಉದ್ದಕ್ಕೆ ಕುಗ್ಗಿಲ್ಲ. ಆದ್ದರಿಂದ ತಲೆ ಮೇಲ್ಮೈಯಿಂದ ತುಸು ಎದ್ದು ನಿಂತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಅಂಗಡಿಯಿಂದ ತಂದ ದುಂಡು ಕಡ್ಡಿಯಂತೆ ಒಂದೇ ಅಳತೆಯ, ಸಪಾಟಾದ ಗೂಟಗಳಿದ್ದರೆ ಯಂತ್ರದ ಕೆಲಸ.

ಒಳಹಲಗೆಯ ಅಂಚಿನಲ್ಲೂ ಕುಗ್ಗಿದ ಗುರುತು ಹುಡುಕಿ. ಹಲಗೆ ಒಳಸರಿದಾಗ ಮೊದಲು ಕಾಲುವೆಯೊಳಗೆ ಅಡಗಿದ್ದ ಭಾಗ ಹೊರಗೆ ಇಣುಕುತ್ತದೆ, ಅಲ್ಲಿನ ಬಣ್ಣ ತಿಳಿಯಾಗಿರುತ್ತದೆ.

ಪೆಟ್ಟಿಗೆಯಲ್ಲದೆ ಕಡೆದ ಕಾಲಿನ ಮೇಜೋ ಕುರ್ಚಿಯೋ ಆಗಿದ್ದರೆ ಇಲ್ಲಿ ಕ್ಯಾಲಿಪರ್ ಕೆಲಸಕ್ಕೆ ಬರುತ್ತದೆ. ಹಸಿ ಮರದಲ್ಲಿ ದುಂಡಗೆ ಕಡೆದ ಕಾಲು ಒಣಗಿದ ಮೇಲೆ ಅಂಡಾಕಾರವಾಗಿರುತ್ತದೆ. ಎರಡು ದಿಕ್ಕಿನ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಳ್ಳೆಯ ಲಕ್ಷಣ.

3. ಮುಚ್ಚಳ ತೆರೆದು ಒಳಗೆ ತಲೆ ಹಾಕಿ

ಒಳಗಿನ ಬಣ್ಣ ಹೊರಗಿನಂತೆಯೇ ಒಂದೇ ಸಮ ಕಪ್ಪಗಿದ್ದರೆ ಯಾರೋ ಬಣ್ಣ ಬಳಿದಿದ್ದಾರೆ. ಹಳೆಯ ಪೆಟ್ಟಿಗೆಯ ಒಳಗು ಮಾಸಲಾಗಿ ಒಣಗಿರುತ್ತದೆ, ಆದರೆ ಮುಚ್ಚಳದ ಮುಂದಂಚಿನ ಅಡಿಭಾಗ ಮಾತ್ರ ತಲೆಮಾರುಗಳ ಕೈ ತಾಗಿ ಕಪ್ಪಾಗಿ ನಯವಾಗಿರುತ್ತದೆ. ಒಳಗೆ ಒಂದು ತುದಿಯಲ್ಲಿ ಸಣ್ಣ ಮುಚ್ಚಳದ ಕಿರುಪೆಟ್ಟಿಗೆ ಇದೆಯೇ ನೋಡಿ. ಅದರ ಹೆಸರು 'ಟಿಲ್', ಸಣ್ಣಪುಟ್ಟ ಸಾಮಾನು ಇಡಲು. ಎಷ್ಟೋ ಪೆಟ್ಟಿಗೆಗಳಲ್ಲಿ ಅದು ಕಳೆದುಹೋಗಿರುತ್ತದೆ, ಆದರೆ ಅದನ್ನು ಕೂರಿಸಿದ್ದ ಕಾಲುವೆ ಮತ್ತು ತೂತು ಉಳಿದಿರುತ್ತವೆ.

4. ಕಬ್ಬಿಣ ಮತ್ತು ಅದರ ಸುತ್ತಲಿನ ಕಲೆ

ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚು. ತೇವ ಸಿಕ್ಕಿದಾಗ ಅದು ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ. ಮುನ್ನೂರು ವರ್ಷ ಅಲ್ಲೇ ಇದ್ದ ಮೊಳೆ, ಬೀಗ, ಕೀಲುಗಳ ಸುತ್ತ ಈ ಕಪ್ಪು ಇದ್ದೇ ಇರುತ್ತದೆ. ಮೊಳೆ ಹಳೆಯದಾಗಿ ಕಂಡು ಸುತ್ತಲಿನ ಮರ ಸ್ವಚ್ಛವಾಗಿದ್ದರೆ ಆ ಮೊಳೆ ಬೇರೆ ಎಲ್ಲಿಂದಲೋ ಬಂದದ್ದು.

ಕಮ್ಮಾರ ಬಡಿದ ಮೊಳೆಯ ತಲೆಯ ಮೇಲೆ ಸುತ್ತಿಗೆ ಏಟಿನ ಮಟ್ಟಸಗಳಿರುತ್ತವೆ, ತಲೆಯ ಕೆಳಗಿನ ಉದ್ದ ಭಾಗ ದುಂಡಗಲ್ಲ, ಚೌಕ. ದುಂಡನೆಯ ತಂತಿಮೊಳೆ ಬಂದದ್ದು ಬಹಳ ತಡವಾಗಿ. ಚೂಪು ತುದಿಯ ತಿರುಪುಮೊಳೆಯೂ 19ನೇ ಶತಮಾನದ ನಡುವಿನ ನಂತರದ್ದು. ಕೀಲುಗಳು ಸವೆದು ಬದಲಾಗಿರುವುದು ಸಾಮಾನ್ಯ, ಅದೊಂದು ದೋಷವಲ್ಲ. ಆದರೆ ಹಿಂದಿನ ಪಟ್ಟಿಯಲ್ಲಿರುವ ಹಳೆಯ ಕೀಲಿನ ತೂತುಗಳಿಗೆ ಸರಿಯಾಗಿ ಮುಚ್ಚಳದ ಅಡಿಯಲ್ಲೂ ತೂತುಗಳಿರಬೇಕು. ಇಲ್ಲವಾದರೆ ಮುಚ್ಚಳ ಬೇರೆ ಪೆಟ್ಟಿಗೆಯದು.

5. ಅಡಿ ಮೇಲು ಮಾಡಿಸಿ, ಕಾಲು ನೋಡಿ

ಕಾಲುಗಳು ಬೇರೆಯಾಗಿ ಜೋಡಿಸಿದವಲ್ಲ, ಮೂಲೆಯ ನಿಲುವು ಪಟ್ಟಿಗಳೇ ಕೆಳಗಿಳಿದು ಕಾಲಾಗುತ್ತವೆ. ತೇವದ ಕಲ್ಲುನೆಲದ ಮೇಲೆ ನಿಂತು ಅವು ಸವೆದು, ತಿಂದುಹೋಗಿ, ಏರುಪೇರಾಗಿರಬೇಕು. ಚೊಕ್ಕವಾಗಿ ಚೌಕ ತುದಿಯಿದ್ದರೆ ಕತ್ತರಿಸಿ ತುಂಡು ಸೇರಿಸಿದ್ದಾರೆ ಎಂದು ತಿಳಿಯಿರಿ. ಬೆಲೆ ಇಳಿಸಲು ಅದೊಂದು ಕಾರಣ, ಅಷ್ಟೇ.

6. ಈಗ ಕೆತ್ತನೆ

ಮೊದಲು ವಿನ್ಯಾಸದ ಬಗ್ಗೆ ಎರಡು ಮಾತು. ಮಡಿಸಿದ ಬಟ್ಟೆಯ ನೆರಿಗೆಯಂಥ ಕೆತ್ತನೆ 15ನೇ ಶತಮಾನದ ಕೊನೆಯಿಂದ 16ನೇ ಶತಮಾನದ್ದು, ಅದರ ಹೆಸರು ಲಿನನ್‌ಫೋಲ್ಡ್. ವೃತ್ತದೊಳಗಿನ ಮನುಷ್ಯರ ಪಾರ್ಶ್ವಮುಖಗಳು 16ನೇ ಶತಮಾನದ ಮೊದಲರ್ಧಕ್ಕೆ ಸೇರಿದವು. ನಿಮ್ಮ ಕಣ್ಣಿಗೆ ಹೆಚ್ಚಾಗಿ ಬೀಳುವುದು 17ನೇ ಶತಮಾನದವು: ಅರ್ಧಚಂದ್ರಗಳ ಸಾಲು, ಹೆಣೆದ ವೃತ್ತಗಳ ಪಟ್ಟಿ, ವಜ್ರಾಕೃತಿ, ಕಂಬ-ಕಮಾನು, ಸುರುಳಿ ಬಳ್ಳಿ, ಟುಲಿಪ್ ಹೂ. 1660ರ ನಂತರ ಲಂಡನ್ನಿನ ಸಿರಿವಂತರು ವಾಲ್‌ನಟ್ ಮರಕ್ಕೆ ಹೊರಳಿದರು. ಹಳ್ಳಿಗಾಡಿನಲ್ಲಿ ಮಾತ್ರ ಓಕ್ ಕೆತ್ತನೆ 18ನೇ ಶತಮಾನದ ಆರಂಭದವರೆಗೂ ನಡೆದೇ ಇತ್ತು. ಹಾಗಾಗಿ ಬರೀ ವಿನ್ಯಾಸ ನೋಡಿ ಇಸವಿ ಹೇಳಹೊರಡಬೇಡಿ. ವಿಕ್ಟೋರಿಯಾ ಕಾಲದವರು ಈ ಎಲ್ಲ ವಿನ್ಯಾಸಗಳನ್ನೂ ನಕಲು ಮಾಡಿದ್ದಾರೆ.

ನೋಡಬೇಕಾದದ್ದು ಉಳಿಯ ನಡೆ. ಹಳೆಯ ಕೆತ್ತನೆಗಾರ ಕೈವಾರ ಮತ್ತು ಚೂಪು ಮೊನೆಯಿಂದ ಗೆರೆ ಹಾಕಿಕೊಂಡು, ಅರ್ಧಚಂದ್ರ ಬಾಯಿಯ ಉಳಿಗಳಿಂದ ಸರಸರನೆ ಕೊರೆಯುತ್ತಿದ್ದ. ಆ ಗೆರೆಗಳನ್ನು, ಕೈವಾರದ ಮುಳ್ಳಿನ ಚುಕ್ಕೆಯನ್ನು ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಟಾರ್ಚು ಪಕ್ಕದಿಂದ ಹಿಡಿದರೆ ಇಂದಿಗೂ ಕಾಣುತ್ತವೆ. ಹತ್ತು ಎಲೆಗಳಿದ್ದರೆ ಹತ್ತೂ ತುಸು ಬೇರೆ ಬೇರೆ. ತಗ್ಗಿನ ಭಾಗದಲ್ಲಿ ಪಂಚ್ ಬಡಿದು ಚುಕ್ಕೆ ಚುಕ್ಕೆ ಮಾಡಿರುತ್ತಾರೆ. ಕೈಗೆ ಎಟಕುವ ಉಬ್ಬುಗಳು ನಯವಾಗಿ ಸವೆದು, ಒಳಮೂಲೆಗಳಲ್ಲಿ ಮೇಣ ಮತ್ತು ಧೂಳು ಕಪ್ಪಗೆ ಕೂತಿರಬೇಕು. ಈ ಸವೆತ ಯಾರ ಕೈಯೂ ತಾಗದ ಮೂಲೆಯಲ್ಲೂ ಅಷ್ಟೇ ಇದ್ದರೆ ಅನುಮಾನಿಸಿ.

ಹಳೆಯ ಸಾದಾ ಪೆಟ್ಟಿಗೆಗೆ ಆಮೇಲೆ ಕೆತ್ತನೆ ಮಾಡುವ ಹವ್ಯಾಸ 19ನೇ ಶತಮಾನದಲ್ಲಿ ಮನೆಮನೆಗೂ ಹಬ್ಬಿತ್ತು. ಅದನ್ನು ಹಿಡಿಯಲು ಎರಡು ಗಟ್ಟಿ ಸಾಕ್ಷಿಗಳಿವೆ.

ಮೊದಲನೆಯದು ಹುಳು ಕೊರೆದ ದಾರಿ. ಕುಟ್ಟೆ ಹುಳು ಮರದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ಕಾಣುವುದು ದುಂಡನೆಯ ತೂತು ಮಾತ್ರ. ಕೆತ್ತನೆಯ ಮೇಲ್ಮೈಯಲ್ಲಿ ಸುರಂಗವೇ ಉದ್ದಕ್ಕೆ ಸೀಳಿದಂತೆ ತೆರೆದು ಕಂಡರೆ, ಹುಳು ತಿಂದಾದ ಮೇಲೆ ಉಳಿ ಅಲ್ಲಿ ಹಾದಿದೆ.

ಎರಡನೆಯದು ಗೂಟಗಳು. ಮೂಲ ಕೆಲಸದಲ್ಲಿ ಪಟ್ಟಿಗಳನ್ನು ಕೆತ್ತಿ ಆಮೇಲೆ ಜೋಡಿಸುತ್ತಿದ್ದರು. ಗೂಟದ ತಲೆಯ ಮೇಲೂ ಎಲೆಯ ಗೀರು ಹರಿದಿದ್ದರೆ ಜೋಡಿಸಿ ಎಷ್ಟೋ ಕಾಲದ ಮೇಲೆ ಕೆತ್ತಿದ್ದಾರೆ.

ಇಸವಿ ಮತ್ತು ಹೆಸರಿನ ಮೊದಲಕ್ಷರಗಳ ಬಗ್ಗೆ ಎಚ್ಚರ. ಮದುವೆಗೆ ಕೊಟ್ಟ ಪೆಟ್ಟಿಗೆಗಳ ಮೇಲೆ ಇವು ಇರುವುದುಂಟು, ಆದರೆ ಬೆಲೆ ಏರಿಸಲು ಆಮೇಲೆ ಸೇರಿಸಿದವು ಬಹಳ. 17ನೇ ಶತಮಾನದ ಕೆತ್ತನೆಗಾರರು ಜಾನ್, ಜೇನ್ ಮುಂತಾದ ಹೆಸರುಗಳಿಗೂ 'ಐ' ಅಕ್ಷರವನ್ನೇ ಕೆತ್ತುತ್ತಿದ್ದರು. 'ಜೆ' ಅಕ್ಷರದ ಜೊತೆ 1640 ಎಂದು ಕಂಡರೆ ಅಲ್ಲೇ ನಿಂತು ಯೋಚಿಸಿ.

ಅಸಲಿ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗಬೇಕಾದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. 'ಗ್ರೇಟ್ ಬೆಡ್ ಆಫ್ ವೇರ್' ಎಂಬ, 1590ರ ಸುಮಾರಿನ, ಮೂರು ಮೀಟರಿಗೂ ಅಗಲವಾದ ಕೆತ್ತನೆಯ ಓಕ್ ಮಂಚ ಅಲ್ಲಿದೆ. ಸ್ಕಾಟ್ಲೆಂಡಿನಲ್ಲಿರುವವರಿಗೆ ಗ್ಲಾಸ್ಗೋದ ಬರೆಲ್ ಕಲೆಕ್ಷನ್ ಇದೆ. ಎರಡಕ್ಕೂ ಪ್ರವೇಶ ಉಚಿತ.

7. ಹುಳು ಜೀವಂತವಾಗಿದೆಯೇ?

ತೂತುಗಳಿವೆ ಎಂದು ಹೆದರಬೇಡಿ, ಹಳೆಯ ಓಕ್‌ನಲ್ಲಿ ಅವು ಸಹಜ. ಸಾಮಾನ್ಯ ಕುಟ್ಟೆ ಹುಳುವಿನ ತೂತು ಒಂದೂವರೆಯಿಂದ ಎರಡು ಮಿಲಿಮೀಟರ್, ಅದು ಹೆಚ್ಚಾಗಿ ತಿನ್ನುವುದು ಬಿಳಿಮರವನ್ನು. ಮೂರು ಮಿಲಿಮೀಟರಿನಷ್ಟು ದೊಡ್ಡ ತೂತಾಗಿದ್ದರೆ ಡೆತ್‌ವಾಚ್ ಎಂಬ ಜೀರುಂಡೆ ಇರಬಹುದು, ಅದು ತೇವ ಹಿಡಿದ ಓಕ್‌ನ ಚೇಗನ್ನೂ, ಅಂದರೆ ಒಳಗಿನ ಗಟ್ಟಿಮರವನ್ನೂ, ಬಿಡುವುದಿಲ್ಲ. ತೂತಿನ ಅಂಚು ಹರಿತವಾಗಿ, ಒಳಗು ತಿಳಿಬಣ್ಣವಾಗಿ, ಕೆಳಗೆ ಹೊಸ ಹುಡಿ ಉದುರಿದ್ದರೆ ಹುಳು ಇನ್ನೂ ಇದೆ. ಕೊಂಡ ಮೇಲೆ ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಗಮನಿಸಿ, ಹುಳು ಹೊರಬರುವ ಕಾಲ ಅದು. ಅಲ್ಲಿಯವರೆಗೆ ಮನೆಯ ಬೇರೆ ಮರದ ಸಾಮಾನಿನಿಂದ ದೂರವಿಡಿ.

ಇದ್ದೇ ಇದೆ ಎಂದಾದರೆ ಪರ್ಮೆತ್ರಿನ್ ಎಂಬ ಕೀಟನಾಶಕ ಇರುವ ದ್ರಾವಣ ಹಚ್ಚಬಹುದು. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಬೇಡ, ಬೆಕ್ಕುಗಳಿಗೆ ಅದು ವಿಷ. ನನ್ನ ಮಟ್ಟಿಗೆ, ವೃತ್ತಿಪರರ ಬಳಿ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಮೂರು ದಿನ ಇರಿಸಿ ತರುವುದು ಮೇಲು.

8. ಹರಾಜಿನ ಭಾಷೆ

ಕ್ಯಾಟಲಾಗಿನ ಪ್ರತಿ ಮಾತಿಗೂ ತೂಕವಿದೆ. '17ನೇ ಶತಮಾನ ಮತ್ತು ನಂತರ' ಎಂದರೆ ಕೆಲವು ಭಾಗ ಬದಲಾಗಿವೆ. '17ನೇ ಶತಮಾನದ ಶೈಲಿ' ಎಂದರೆ ಆ ಕಾಲದ್ದಲ್ಲ. 'ಅಸೋಸಿಯೇಟೆಡ್' ಎಂದರೆ ಆ ಭಾಗ ಬೇರೆ ವಸ್ತುವಿನದು. ಕಂಡಿಷನ್ ರಿಪೋರ್ಟ್, ಅಂದರೆ ಸ್ಥಿತಿಯ ಬಗ್ಗೆ ಅವರ ಬರಹ, ಕೇಳಿದರೆ ಕೊಡುತ್ತಾರೆ. ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಸಾಮಾನ್ಯವಾಗಿ ಶೇ. 20ರಿಂದ 30 ಸೇರುತ್ತದೆ. ಅದನ್ನು ಲೆಕ್ಕ ಹಾಕಿಕೊಂಡೇ ಕೈ ಎತ್ತಿ.

ಮನೆಗೆ ತಂದ ಮೇಲೆ

ಶತಮಾನಗಳ ಕೈ, ಮೇಣ, ಹೊಗೆ, ಧೂಳು ಸೇರಿ ಬಂದ ಮೇಲ್ಮೈಗೆ ಪ್ಯಾಟಿನಾ ಎನ್ನುತ್ತಾರೆ. ಪೆಟ್ಟಿಗೆಯ ಬೆಲೆಯೂ ಚೆಲುವೂ ಬಹುಪಾಲು ಅದರಲ್ಲೇ ಇದೆ. ಕಪ್ಪಾಗಿದೆ, ತಿಳಿಯಾಗಲಿ ಎಂದು ಉಜ್ಜಬೇಡಿ, ಮರಳುಕಾಗದ ಮುಟ್ಟಿಸಬೇಡಿ, ಕಾಸ್ಟಿಕ್ ಸೋಡಾದ ತೊಟ್ಟಿಗಂತೂ ಹಾಕಿಸಲೇಬೇಡಿ. ಒಮ್ಮೆ ಹೋದ ಮೇಲ್ಮೈ ಯಾವ ಹಣಕ್ಕೂ ಮರಳಿ ಬರುವುದಿಲ್ಲ.

ಧೂಳು ತೆಗೆಯಲು ಮೆತ್ತನೆಯ ಬ್ರಷ್ ಸಾಕು. ವರ್ಷಕ್ಕೆ ಒಂದೆರಡು ಸಲ ಟರ್ಪೆಂಟೈನ್‌ನಲ್ಲಿ ಕರಗಿಸಿದ ಜೇನುಮೇಣವನ್ನು ತೆಳ್ಳಗೆ ಸವರಿ, ಒಣ ಬಟ್ಟೆಯಿಂದ ಹೊಳಪು ಬರಿಸಿ. ಸಿಲಿಕೋನ್ ಇರುವ ಸ್ಪ್ರೇ ಬೇಡ. ಸ್ಟೀಲ್ ವುಲ್‌ನಿಂದ ಉಜ್ಜಿದರೆ ಅದರ ಕಬ್ಬಿಣದ ಚೂರುಗಳು ಮರದಲ್ಲಿ ಉಳಿದು, ತೇವ ತಾಗಿದಾಗ ಟ್ಯಾನಿನ್ ಜೊತೆ ಸೇರಿ ಕಪ್ಪು ಚುಕ್ಕೆಗಳಾಗುತ್ತವೆ. ತೇವ ಇಳಿಯುವುದರಿಂದ ಹೂಕುಂಡ ಇಡುವುದೂ ಅಪಾಯ.

ಚಳಿಗಾಲದಲ್ಲಿ ರೇಡಿಯೇಟರಿನ ಪಕ್ಕ ಇಡಬೇಡಿ. ಗಾಳಿಯ ತೇವಾಂಶ ಶೇ. 45ರಿಂದ 60ರೊಳಗೆ ಇದ್ದರೆ ಓಕ್ ನೆಮ್ಮದಿಯಾಗಿರುತ್ತದೆ. ಒಳಹಲಗೆ ಅಲುಗುತ್ತದೆ ಎಂದು ಅಂಟು ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದು ಅಲುಗಲೆಂದೇ ಹಾಗೆ ಬಿಟ್ಟಿದ್ದಾರೆ, ಬಿಗಿದರೆ ಮುಂದಿನ ಚಳಿಗಾಲದಲ್ಲಿ ಸೀಳುತ್ತದೆ.

ನಮ್ಮವರು ಈ ಪೆಟ್ಟಿಗೆ ತಂದ ಕೂಡಲೇ ಅದರಲ್ಲಿ ರೇಷ್ಮೆ ಸೀರೆ ಇಡುತ್ತಾರೆ. ಅದಕ್ಕೊಂದು ಎಚ್ಚರಿಕೆ. ಓಕ್ ಮರ ಎಷ್ಟು ಹಳೆಯದಾದರೂ ಆಮ್ಲದ ಆವಿ ಬಿಡುತ್ತಲೇ ಇರುತ್ತದೆ, ತೇವ ತಾಗಿದರೆ ಟ್ಯಾನಿನ್ ಬಟ್ಟೆಗೆ ಕಂದು ಕಲೆ ಹಚ್ಚುತ್ತದೆ. ಸೀರೆಯನ್ನು ಮರಕ್ಕೆ ನೇರವಾಗಿ ತಾಗಿಸದೆ, ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಹೊರತೆಗೆದು ಮಡಿಕೆ ಬದಲಿಸಿ. ಮುತ್ತು, ಚಿಪ್ಪು, ಸೀಸದ ವಸ್ತುಗಳನ್ನು ಇದರೊಳಗೆ ಇಡಲೇಬೇಡಿ. ಆ ಆವಿಗೆ ಮೊದಲು ಕೆಡುವವು ಅವೇ.

ಊರಿಗೆ ಸಾಗಿಸುವ ಯೋಚನೆಯಿದ್ದರೆ

50 ವರ್ಷಕ್ಕಿಂತ ಹಳೆಯ ವಸ್ತುಗಳನ್ನು ಬ್ರಿಟನ್ನಿನಿಂದ ಹೊರಗೆ ಒಯ್ಯಲು ಅವುಗಳ ಬೆಲೆಗೆ ತಕ್ಕಂತೆ ರಫ್ತು ಪರವಾನಗಿ ಬೇಕಾಗಬಹುದು. ಇಂಗ್ಲೆಂಡಿನಲ್ಲಿ ಅದನ್ನು ನೋಡಿಕೊಳ್ಳುವುದು ಆರ್ಟ್ಸ್ ಕೌನ್ಸಿಲ್. ಭಾರತದ ಕಸ್ಟಮ್ಸ್ ನಿಯಮಗಳನ್ನು ಸಾಗಣೆ ಕಂಪನಿಯಿಂದ ಬರಹದಲ್ಲಿ ತಿಳಿದುಕೊಳ್ಳಿ. ಬೆಂಗಳೂರು, ಮೈಸೂರಿನ ಹವೆಗೆ ಪೆಟ್ಟಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲ ಮಾತ್ರ ಅದಕ್ಕೆ ಕಠಿಣ. ಗೋಡೆಯಿಂದ ಒಂದು ಗೇಣು ದೂರ, ಕಾಲಿನಡಿ ಕಲ್ಲಿನ ಬಿಲ್ಲೆ, ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಆಡಿಸುವುದು, ತಳದಲ್ಲಿ ಗೆದ್ದಲ ಮಣ್ಣು ಕಾಣಿಸಿತೇ ಎಂದು ನೋಡುವುದು, ಇಷ್ಟನ್ನು ತಪ್ಪದೆ ಮಾಡಬೇಕು. ಪ್ಯಾಕ್ ಮಾಡುವಾಗ ಮುಚ್ಚಳವನ್ನು ಟೇಪಿನಿಂದ ಅಂಟಿಸಲು ಬಿಡಬೇಡಿ, ಟೇಪು ಕೀಳುವಾಗ ಮೇಣದ ಪದರ ಅದರೊಡನೆ ಎದ್ದುಬರುತ್ತದೆ. ಹತ್ತಿಪಟ್ಟಿಯಿಂದ ಕಟ್ಟಿಸಿ.